ಅವ್ವ ಫ್ಯೂಸು ಕಿತ್ತಳು, ನಾನು ರಂದಾ ಹಿಡಿದೆ

ನನ್ನ ಕೈಯಲ್ಲಿ ಇವತ್ತಿಗೂ ಹತ್ತು ಬೆರಳು ಉಳಿದಿದ್ದರೆ ಅದಕ್ಕೆ ನನ್ನ ಜಾಣತನ ಕಾರಣವಲ್ಲ, ನನ್ನ ಅವ್ವ ಕಾರಣ. ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ನನಗೆ ಬಡಿಗತನದ ಹುಚ್ಚು ಹಿಡಿದಿತ್ತು. ಹೊಟ್ಟೆಪಾಡಿಗೆ ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಜಾಳಿಗೆಯ ಕಿಟಕಿಯ ಹಿಂದೆ ಕೂತು, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆದು, ಮೈಕಿನಲ್ಲಿ ಊರುಗಳ ಹೆಸರು ಕೂಗುವ ಕೆಲಸ. ದಿನವಿಡೀ ಯಾವ ಬಸ್ಸೂ ನನ್ನ ಮಾತು ಕೇಳುತ್ತಿರಲಿಲ್ಲ. ಸಂಜೆ ಬಸವಕಲ್ಯಾಣದ ಮನೆಗೆ ಬಂದರೆ ಹೆಂಡತಿಯೂ ಕೇಳುತ್ತಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ತಿರುಗುವ ವಸ್ತು ಜಗತ್ತಿನಲ್ಲಿ ಒಂದಾದರೂ ನನಗಿರಲಿ ಎಂದು ಮಷೀನು ತಂದೆ.

ಹುಮನಾಬಾದಿನ ಹೊರಗೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅಲ್ಲಿ ಮರದ ಪೆಟ್ಟಿಗೆ ಮಾಡುವ ಸಣ್ಣ ಷೆಡ್ಡೊಂದು ಬಾಗಿಲು ಹಾಕಿತು. ಅವರ ಸಾಮಾನಿನಲ್ಲಿ ಮೇಜಿಗೆ ಕೂರಿಸಿದ ಗುಂಡು ಗರಗಸ, ಒಂದು ಡ್ರಿಲ್, ಮರ ಕೀಸುವ ವಿದ್ಯುತ್ ಪ್ಲೇನರ್ ನನ್ನ ಪಾಲಿಗೆ ಬಂದವು. ಬಸ್ಸಿನ ಟಾಪಿನ ಮೇಲೆ ಹೇರಿಸಿ ಊರಿಗೆ ತಂದೆ. ಇಳಿಸುವಾಗ ಓಣಿಯೆಲ್ಲ ನೆರೆಯಿತು. ಮರುದಿನ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ಬಾಗಿಲಿಗೆ ಬಂದು, "ಗಿರಣಿ ಎಷ್ಟೊತ್ತಿಗಿ ಚಾಲೂ ಮಾಡ್ತೀರಿ?" ಎಂದು ಕೇಳಿದರು. ಇದು ಹಿಟ್ಟಿನ ಗಿರಣಿಯಲ್ಲ ಎಂದೆ. ಹಾಗಾದರೆ ಮತ್ತೆ ಯಾಕ ತಂದಿರಿ ಎಂದರು.

ಮಷೀನು ಚಾಲೂ ಮಾಡಿದರೆ ಓಣಿಯ ಬಲ್ಬುಗಳೆಲ್ಲ ಸಪ್ಪಗಾಗುತ್ತಿದ್ದವು, ರೇಡಿಯೊಗಳು ಗರಗರ ಎನ್ನುತ್ತಿದ್ದವು. ಪಕ್ಕದ ಮನೆಯವನಿಗೆ ಕ್ರಿಕೆಟ್ ಕಾಮೆಂಟರಿಯ ಹುಚ್ಚು. ಯಾರಾದರೂ ಔಟಾದ ಹೊತ್ತಿಗೇ ನಾನು ಗುಂಡಿ ಒತ್ತುತ್ತೇನೆಂದು ಅವನ ದೂರು. ಔಟಾದವನು ಯಾರೆಂದು ತಿಳಿಯದೆ ಅವನು ಗೋಡೆಯಾಚೆಯಿಂದ ನನ್ನ ಹಿರಿಯರನ್ನೆಲ್ಲ ನೆನೆಯುತ್ತಿದ್ದ. ನಾನು ಬಗ್ಗಲಿಲ್ಲ. ವಿಜ್ಞಾನ ಮುಂದೆ ಹೋಗುವಾಗ ಒಂದಿಬ್ಬರು ಬ್ಯಾಟ್ಸ್‌ಮನ್ನರು ಹೋದರೆ ಹೋಗಲಿ ಎಂಬುದು ನನ್ನ ನಿಲುವು.

ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದ. ಸುತ್ತಲಿನ ಹಳ್ಳಿಯವರಿಗೆ ನೇಗಿಲು, ನೊಗ, ಬಿತ್ತುವ ಕೂರಿಗೆ ಮಾಡಿಕೊಟ್ಟು ಬಾಳಿದವನು. ಅವನ ಹೊಟ್ಟೆ ಉರಿಯಲಿ ಎಂದೇ ಒಂದು ದಿನ ಚಹಾಕ್ಕೆ ಕರೆದು ಮಷೀನು ತೋರಿಸಿದೆ. ಅವನು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತ ಎಲ್ಲವನ್ನೂ ನೋಡಿದ.

"ಭಾಳ ಛಲೋ ಅದ ಸಾಹೇಬ್ರ. ಕರೆಂಟ್ ಹೋದ್ರ?"

"ಬರತದ."

"ಬರೂತನಾ ಏನ್ ಮಾಡ್ತೀರಿ?"

"ಕೂಡ್ತೀನಿ."

"ಕೂಡ್ರಿ, ಕೂಡ್ರಿ. ಖರೇ ಆ ಸ್ಟೂಲಿನ ಮ್ಯಾಲ ಮಾತ್ರ ಕೂಡಬ್ಯಾಡ್ರಿ" ಎಂದು, ನಾನು ಆಗಷ್ಟೇ ಮುಗಿಸಿದ್ದ ಸ್ಟೂಲನ್ನು ಗದ್ದದಿಂದಲೇ ತೋರಿಸಿ ಎದ್ದು ಹೋದ.

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಸ್ಟೂಲು ನನ್ನ ಕಣ್ಣಿಗೆ ಸಿಂಹಾಸನವೇ ಆಗಿತ್ತು. ನಾಲ್ಕು ಕಾಲನ್ನೂ ಒಂದೇ ಅಳತೆಗೆ ಗರಗಸ ಕತ್ತರಿಸಿತ್ತು, ಮೇಲೆ ಹಲಗೆಯಿಟ್ಟು ಮೊಳೆ ಜಡಿದಿದ್ದೆ. ಜೋಡಣೆ, ಬೆಣೆ, ಅಂಟು ಎಂಬ ಹಳೆಯ ಕಾಲದ ರಗಳೆ ನನಗೆ ಬೇಕಿರಲಿಲ್ಲ. ಚೊಚ್ಚಲ ಬಸುರಿ ಮಗಳಿಗೆ ಸೀರೆ ಉಡಿಸಿ ಉಡಿ ತುಂಬುವ ಕುಬಸಕ್ಕೆ ಹುಮನಾಬಾದಿನಿಂದ ಅವಳ ಅತ್ತೆ, ಅಂದರೆ ನಮ್ಮ ಬೀಗತಿ ಬಂದಾಗ, ಆ ಸ್ಟೂಲನ್ನೇ ಒರೆಸಿ ಪಡಸಾಲೆಯ ನಡುವೆ ಹಾಕಿದೆ. ಬೀಗರದು ಧಾನ್ಯದ ಅಡತಿ ಅಂಗಡಿ, ಬೀಗತಿಯ ಮೈಕಟ್ಟು ಉಂಡುಟ್ಟು ಬೆಳೆದದ್ದು. ಆಕೆ ಕೂತಳು. ಊದಿನಕಡ್ಡಿ ಹಚ್ಚುವಷ್ಟು ಹೊತ್ತು ಸ್ಟೂಲು ತಡೆಯಿತು. ಆಮೇಲೆ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು, ಬೀಗತಿ ಮಾತ್ರ ಇದ್ದಲ್ಲೇ ಕೆಳಗೆ ಬಂದಳು.

ಎಲ್ಲರೂ ಓಡಿಹೋಗಿ ಎತ್ತಿದೆವು. ಆಕೆ ಸೀರೆ ಸರಿಮಾಡಿಕೊಂಡು ಬಹಳ ಸಮಾಧಾನದಿಂದ, "ಬೀಗರ ಮನ್ಯಾಗ ಕೂಡ್ಸಿದಂಗೂ ಆತು, ಕೆಡವಿದಂಗೂ ಆತು" ಎಂದಳು. ಈ ಒಂದು ಮಾತು ಹುಮನಾಬಾದಿನ ಅಡತಿ ಅಂಗಡಿಗಳಲ್ಲಿ ತಿರುಗಿ, ಬಸ್ ನಿಲ್ದಾಣಕ್ಕೂ ಬಂತು. ಕಂಡಕ್ಟರುಗಳು ನನ್ನ ಕೋಣೆಗೆ ಬಂದರೆ ಕುರ್ಚಿ ಮುಟ್ಟಿ ನೋಡಿ, "ಇದು ಸರ್ಕಾರದ್ದೋ, ನಿಮ್ಮದೋ?" ಎಂದು ಕೇಳಿ ಕೂರತೊಡಗಿದರು.

ಅದನ್ನೆಲ್ಲ ನುಂಗಿಕೊಂಡೆ. ನುಂಗಲು ಆಗದೆ ಹೋದದ್ದು ಮಗಳ ಮಾತು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ, ತೊಟ್ಟಿಲೂ ತವರಿನದೇ. ಅವಳಿಗೆ ಎಂಟು ತಿಂಗಳು ತುಂಬಿದಾಗ ಒಂದು ಮಧ್ಯಾಹ್ನ, "ತೊಟ್ಟಲಾ ನಾನೇ ಮಾಡ್ತೀನಿ ನೋಡು" ಎಂದೆ. ಅವಳು ನಗಲಿಲ್ಲ.

"ಬ್ಯಾಡಪಾ. ನಮ್ಮ ಅತ್ತಿಗಿ ಕೆಡವಿದಿ, ಆತು. ನೀ ಮಾಡಿದ ತೊಟ್ಟಲದಾಗ ನಾ ನನ್ನ ಕೂಸಿಗಿ ಹಾಕಂಗಿಲ್ಲ. ಮಿಸ್ತ್ರಿಗಿ ಹೇಳು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಿನಿಂದ ಏನಾದರೂ ಅನ್ನಬಹುದಿತ್ತು. ಅವಳು ಹೆದರಿ ಹೇಳಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದಳು. ನನಗೆ ಬಹಳ ನೋವಾಯಿತು. ಯಾಕೆಂದರೆ ಅವಳು ಹುಟ್ಟಿದ್ದು ಐವತ್ತಾರರಲ್ಲಿ, ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ರಾಜ್ಯ ಹೊಸದು, ನನ್ನ ನೌಕರಿ ಹೊಸದು, ತೊಟ್ಟಿಲು ಮಾತ್ರ ಮಂದಿಯದು. ಎದುರು ಮನೆಯಿಂದ ಎರವಲು ತಂದು ಹೆಸರಿಟ್ಟೆವು. ಐದನೇ ದಿನಕ್ಕೆ ಎದುರು ಮನೆಯ ಮಗಳೇ ಹೆತ್ತಳು. ಅವರು ಬಂದು, ಮಲಗಿದ್ದ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು ತೊಟ್ಟಿಲು ಬಿಚ್ಚಿಕೊಂಡು ಹೋದರು. ಅವರ ತಪ್ಪೇನೂ ಇಲ್ಲ. ಆದರೆ ಕೂಸು ಹಿಡಿದುಕೊಂಡು ಬರಿಯ ಕೊಂಡಿಗಳ ಕೆಳಗೆ ನಿಂತದ್ದು ನನ್ನ ಎದೆಯಲ್ಲಿ ಹಾಗೇ ಉಳಿದಿತ್ತು. ಮಗಳಿಗೆ ಕೊಡಲಾಗದ್ದನ್ನು ಮಗಳ ಕೂಸಿಗೆ ನನ್ನ ಕೈಯಾರೆ ಕೊಡಬೇಕು ಎಂಬುದು ನನ್ನ ಆಸೆ. ಕೊಡಬೇಕಾದವನ ಕೈಯ ಮೇಲೇ ಅವಳಿಗೆ ನಂಬಿಕೆ ಇರಲಿಲ್ಲ.

ಇದರ ಮೇಲೆ ಅವ್ವನ ಕಟ್ಟಳೆ ಬೇರೆ. ಕೂಸು ಹುಟ್ಟುವ ಮೊದಲು ತೊಟ್ಟಿಲಿಗೆಂದು ಮರಕ್ಕೆ ಗೆರೆ ಕೂಡ ಹೊಡೆಯಬಾರದು. ಹುಟ್ಟಿದ ಮೇಲೆ ಹೆಸರಿಡುವ ಹದಿಮೂರನೆಯ ದಿನಕ್ಕೆ ತೊಟ್ಟಿಲು ಸಿದ್ಧವಿರಬೇಕು. ಇಂಥ ಕಟ್ಟಳೆ ಮಾಡಿದ ಹಿರಿಯರು ಯಾರೂ ಬಡಿಗರಾಗಿರಲಿಕ್ಕಿಲ್ಲ. ಆದರೂ ನನಗೆ ಚಿಂತೆ ಇರಲಿಲ್ಲ, ಮಷೀನಿತ್ತಲ್ಲ. ಎರಡು ದಿನದ ಕೆಲಸ ಎಂದು ಊರಿಗೆಲ್ಲ ಹೇಳಿದೆ. ಹಳೆಯ ಮಾಳಿಗೆ ಮನೆಯೊಂದು ಬಿದ್ದಾಗ ಅದರ ಸಾಗವಾನಿ ಜಂತಿ ಎರಡು ತಂದಿಟ್ಟಿದ್ದೆ. ಕೇಳಿದವರಿಗೆ ಬೆಂಚಿಗೆ ಎನ್ನುತ್ತಿದ್ದೆ. ಅವ್ವ ನಂಬಿದಂತೆ ಮಾಡಿದಳು.

ಮೇ ತಿಂಗಳ ಕೊನೆಗೆ ಕೂಸು ಹುಟ್ಟಿತು, ಹೆಣ್ಣು. ನಿಲ್ದಾಣದಲ್ಲಿ ರಜೆ ಬರೆದುಕೊಟ್ಟು ಬಂದೆ. ಮೂರನೆಯ ದಿನ ಮುಂಜಾನೆ ಅಂಗಳದಲ್ಲಿ ಜಂತಿಯನ್ನು ಮೇಜಿನ ಮೇಲಿಟ್ಟು ಗುಂಡು ಗರಗಸ ಚಾಲೂ ಮಾಡಿದೆ. ನೂರು ವರ್ಷ ಮನೆಯನ್ನು ಹೊತ್ತ ಮರದೊಳಗೆ ಏನೇನಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಕಂದೀಲಿಗೆ ಹೊಡೆದ ಮೊಳೆ ತಲೆ ಮುರಿದು ಒಳಗೇ ಕೂತಿತ್ತು. ಗರಗಸ ಅದಕ್ಕೆ ತಾಗಿದ್ದೇ ತಡ, ಕಿಡಿ ಹಾರಿ, ಓಣಿಯೇ ಕಿರುಚಿದಂಥ ಸದ್ದು. ಗರಗಸದ ಎರಡು ಹಲ್ಲು ನನ್ನ ಎಡಗೈಯ ಕಿರುಬೆರಳನ್ನು ಸವರಿಕೊಂಡು ಹೋಗಿ ತುಳಸಿಕಟ್ಟೆಗೆ ಬಡಿದವು. ಒಳಗೆ ಕೂಸು ಬೆಚ್ಚಿಬಿದ್ದು ಉಸಿರು ಕಟ್ಟಿ ಅಳತೊಡಗಿತು. ಎಷ್ಟು ಸಂತೈಸಿದರೂ ನಿಲ್ಲಲಿಲ್ಲ.

ಮಷೀನು ತನ್ನಷ್ಟಕ್ಕೆ ನಿಂತಿತು. ಕರೆಂಟ್ ಹೋಯಿತೆಂದುಕೊಂಡೆ. ತಿರುಗಿ ನೋಡಿದರೆ ಅವ್ವ. ಎಪ್ಪತ್ತೈದು ದಾಟಿದ, ಜೀವಮಾನದಲ್ಲಿ ಒಂದು ಸ್ವಿಚ್ಚನ್ನೂ ಮುಟ್ಟದ ಹೆಂಗಸು, ಮರದ ಮಣೆಯ ಮೇಲೆ ಹತ್ತಿ ನಿಂತು, ಮೀಟರಿನ ಬಳಿಯಿದ್ದ ಪಿಂಗಾಣಿ ಫ್ಯೂಸನ್ನೇ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಲೈನ್‌ಮನ್ ಹೇಗೆ ಕೀಳುತ್ತಾನೆಂದು ಎಂದೋ ನೋಡಿಟ್ಟುಕೊಂಡಿದ್ದಳಂತೆ.

"ಅವ್ವಾ, ಮನಿಗಿ ದೀಪ ಬ್ಯಾಡೇನು?"

"ಕಂದೀಲಿನ ಬೆಳಕಿನ್ಯಾಗೇ ನೀ ಹುಟ್ಟೀದಿ. ಏನ್ ಕಡಿಮಿ ಆಗ್ಯಾದ ನಿನಗ? ಬುದ್ಧಿ ಒಂದೇ."

ಹದಿಮೂರು ದಿನ ತುಂಬುವ ತನಕ ಫ್ಯೂಸು ಅವ್ವನ ಸೆರಗಿನಲ್ಲಿ ತಿರುಗಿತು. ಸಂಜೆ ಒಂದೆರಡು ತಾಸು ಕೊಟ್ಟು, ಉಂಡಾದ ಮೇಲೆ ಮತ್ತೆ ಗಂಟು. ಪಕ್ಕದ ಮನೆಯವನು ಸುದ್ದಿ ತಿಳಿದು ಅವ್ವನಿಗೆ ಒಂದು ಡಜನ್ ಬಾಳೆಹಣ್ಣು ತಂದುಕೊಟ್ಟು ಕಾಲಿಗೆ ಬಿದ್ದು ಹೋದ. ಹಲ್ಲು ಮುರಿದ ಗರಗಸದ ಮೇಜಿನ ಮೇಲೆ ನನ್ನ ಹೆಂಡತಿ ಶ್ಯಾವಿಗೆ ಒಣಹಾಕಿದಳು. ಆ ಮೇಜು ನಮ್ಮ ಮನೆಯಲ್ಲಿ ಮಾಡಿದ ಮೊದಲ ಉಪಯುಕ್ತ ಕೆಲಸ ಅದೇ.

ಉಳಿದದ್ದು ಹತ್ತು ದಿನ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ನಾನು ಮಿಸ್ತ್ರಿಯ ಷೆಡ್ಡಿಗೆ ಹೋದೆ. ಅಲ್ಲಿ ಜಾತ್ರೆಯಷ್ಟು ಮಂದಿ. ಮಳೆ ಬೀಳುವುದರೊಳಗೆ ಕೂರಿಗೆ ಸರಿಮಾಡಿಸಲು ಮೋರಖಂಡಿ, ಕೊಹಿನೂರ ಹಳ್ಳಿಗಳವರು ಸಾಲುಗಟ್ಟಿ ಕೂತಿದ್ದರು. ತೊಟ್ಟಿಲು ಮಾಡಿಕೊಡು ಎಂದು ಕೇಳಲು ಬಾಯಿ ಬರಲಿಲ್ಲ, ಕೇಳಿದರೂ ಅವನ ಕೈ ಖಾಲಿ ಇರಲಿಲ್ಲ.

"ಕಲಿಸಿಕೊಡ್ತೀಯೇನು?" ಎಂದೆ.

ಮಿಸ್ತ್ರಿ ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿದ. "ಕರೆಂಟ್ ಹೋತೇನ್ ಸಾಹೇಬ್ರ?"

"ಅವ್ವ ತಗೊಂಡಾಳ."

ಕೂರಿಗೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮಿಸ್ತ್ರಿ ನಗಲಿಲ್ಲ. ಒಂದು ಸಾಣೆಕಲ್ಲು, ಒಂದು ಉಳಿ ನನ್ನ ಮುಂದಿಟ್ಟು, "ಪೈಲೆ ಇದು ಮಸೀರಿ" ಎಂದ.

ಒಂದು ತಾಸು ಮಸೆದು ತೋರಿಸಿದೆ. ತನ್ನ ಮುಂಗೈಯ ಕೂದಲ ಮೇಲೆ ಆಡಿಸಿ ನೋಡಿ ವಾಪಸ್ ಕೊಟ್ಟ. ಮಧ್ಯಾಹ್ನ ತೋರಿಸಿದೆ, ವಾಪಸ್. ಎರಡನೆಯ ದಿನವೂ ಅದೇ. ಹತ್ತು ದಿನದಲ್ಲಿ ಎರಡು ದಿನ ಕಲ್ಲಿಗೆ ಹೋದವು, ಈ ಮುದುಕ ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಖಾತ್ರಿಯಾಯಿತು. ಕೊಹಿನೂರದ ರೈತನೊಬ್ಬ ಬೀಡಿ ಸೇದುತ್ತ, "ಕಂಟ್ರೋಲರ್ ಸಾಹೇಬ್ರ, ದಿನಾ ನಮಗ ಬಸ್ಸಿಗಿ ಕಾಯಿಸ್ತೀರಿ, ಈಗ ನೀವು ಕಾಯ್ರಿ" ಎಂದ. ಮೂರನೆಯ ದಿನ ಮಧ್ಯಾಹ್ನ ಉಳಿ ಮಿಸ್ತ್ರಿಯ ಮುಂಗೈಯಲ್ಲಿ ಬೆರಳಗಲ ಜಾಗವನ್ನು ನುಣ್ಣಗೆ ಬೋಳಿಸಿತು. ಆಗ ಅವನು ಎದ್ದು ಮೂಲೆಯಿಂದ ತನ್ನ ರಂದಾ ತಂದುಕೊಟ್ಟ. ಕೈಯಿಂದ ತಳ್ಳಿ ಮರ ಕೀಸುವ ಕೀಸುಳಿಗೆ ನಮ್ಮ ಕಡೆ ರಂದಾ ಎನ್ನುತ್ತಾರೆ. ಹಿಡಿಕೆ ಅವನ ಅಂಗೈಯ ಅಚ್ಚಿಗೆ ಸವೆದಿತ್ತು.

ಮೊದಲ ದಿನ ರಂದಾ ನಾನು ಮನೆಯಿಂದ ತಂದ ಸಾಗವಾನಿ ಮರವನ್ನು ಕಚ್ಚಿ ಹಿಡಿದು ನಿಂತುಬಿಡುತ್ತಿತ್ತು, ಇಲ್ಲವೇ ಚಕ್ಕೆ ಎಬ್ಬಿಸುತ್ತಿತ್ತು. ಮರವೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ಹೊಳ್ಳಿಸ್ರಿ" ಎಂದ ಮಿಸ್ತ್ರಿ. ಹಲಗೆಯನ್ನು ತಿರುವಿ, ಎಳೆ ಓಡುವ ದಿಕ್ಕಿಗೇ ತಳ್ಳಿದಾಗ ಸುರುಳಿ ಸುರುಳಿಯಾಗಿ ಸಿಪ್ಪೆ ಎದ್ದು ಬಂತು. ಮರಕ್ಕೂ ಒಂದು ಮುಖ, ಒಂದು ಬೆನ್ನು ಇದೆ ಎಂದು ನಲವತ್ತೆಂಟನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಮಷೀನು ಇದನ್ನು ಹೇಳಿರಲಿಲ್ಲ, ಅದಕ್ಕೆ ಎಲ್ಲ ದಿಕ್ಕೂ ಒಂದೇ. ಮಷೀನಿನಲ್ಲಿ ತಪ್ಪು ಮಾಡಿದರೆ ನಮಗೆ ಗೊತ್ತಾಗುವಷ್ಟರಲ್ಲಿ ತಪ್ಪು ಪೂರ್ತಿಯಾಗಿರುತ್ತದೆ. ಕೈಯಲ್ಲಿ ತಪ್ಪು ನಿಧಾನಕ್ಕೆ ಬರುತ್ತದೆ, ಅರ್ಧ ದಾರಿಯಲ್ಲಿ ಬೈಸಿಕೊಳ್ಳಲು ಸಮಯವಿರುತ್ತದೆ. ನಾನು ಬೇಕಾದಷ್ಟು ಬೈಸಿಕೊಂಡೆ.

ಮಿಸ್ತ್ರಿಯ ಷೆಡ್ಡಿನಲ್ಲಿ ಮೊಳೆಯ ಡಬ್ಬಿಗೆ ಕೈಹಾಕುವಂತಿರಲಿಲ್ಲ. ಒಂದು ಮರಕ್ಕೆ ಚೌಕ ತೂತು, ಇನ್ನೊಂದಕ್ಕೆ ಅದರೊಳಗೆ ಬಿಗಿಯಾಗಿ ಕೂರುವ ನಾಲಿಗೆ, ಮೇಲೆ ಒಂದು ಬೆಣೆ. ನಾನು ಮಾಡಿದ ಮೊದಲ ಜೋಡಣೆಯನ್ನು ಮಿಸ್ತ್ರಿ ಎತ್ತಿ ಒಮ್ಮೆ ಕೊಡವಿದ. ನಾಲಿಗೆ ಕಳಚಿ ಅವನ ಕಾಲಬಳಿ ಬಿತ್ತು. "ಇದರಾಗ ಯಾರಿಗಿ ಮಲಗಿಸಾವ್ರು?" ಎಂದ. ನಾನು ಹೊಸ ತುಂಡು ಹಿಡಿದೆ. ಆ ಮಾತಾದ ಮೇಲೆ ಯಾರೂ ನನ್ನನ್ನು ಅವಸರ ಮಾಡಿಸಬೇಕಾಗಲಿಲ್ಲ, ನಿಧಾನ ಮಾಡಿಸಲೂ ಬೇಕಾಗಲಿಲ್ಲ. ಒಟ್ಟು ಇಪ್ಪತ್ತನಾಲ್ಕು ಜೋಡಣೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಮನೆಗೆ ಬಂದರೆ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಹೆಂಡತಿ ಹಾಲಿನಲ್ಲಿ ಕಲಸಿ ಕೊಡುತ್ತಿದ್ದಳು, ಕೂಸು ಒಂದಲ್ಲ ಎರಡು ಎನ್ನುತ್ತಿದ್ದಳು.

ಮಗಳು ಬಾಣಂತಿಯ ಕೋಣೆಯೊಳಗಿಂದ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಮಿಸ್ತ್ರಿ ಮಾಡಾಕತ್ತಾನೋ, ನೀ ಮಾಡಾಕತ್ತೀಯೋ?"

"ಅವನ ಷೆಡ್ಡಿನ್ಯಾಗ ಆಗಾಕತ್ತದ" ಎನ್ನುತ್ತಿದ್ದೆ. ಸುಳ್ಳಲ್ಲ, ಆದರೆ ಸುಳ್ಳಿನ ಹತ್ತಿರದ ನೆಂಟ.

ಹನ್ನೆರಡನೆಯ ದಿನ ಸಂಜೆ ಕೊನೆಯ ಬೆಣೆ ಬಡಿದೆ. ಮಿಸ್ತ್ರಿ ಕೊಡತಿ ತೆಗೆದುಕೊಂಡು ಒಂದೊಂದೇ ಜೋಡಣೆಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಸುತ್ತು ಬಂದ. ಎಲ್ಲ ಮುಗಿದ ಮೇಲೆ "ನಡೀತದ" ಎಂದು ತನ್ನ ಕೂರಿಗೆಗೆ ಮರಳಿದ. ಸರ್ಕಾರಿ ನೌಕರಿಯಲ್ಲಿ ನನಗೆ ಅಷ್ಟು ದೊಡ್ಡ ಬಡ್ತಿ ಎಂದೂ ಸಿಕ್ಕಿಲ್ಲ.

ಮರುದಿನ ಪಡಸಾಲೆಯ ಜಂತಿಗೆ ತೊಟ್ಟಿಲು ತೂಗುಹಾಕಿದೆವು. ಮಗಳು ಎದುರು ಬಂದು ನಿಂತಳು. ಒಂದು ಮೂಲೆಯ ಹಲಗೆ ಕೂದಲೆಳೆಯಷ್ಟು ಏರುಪೇರಾಗಿತ್ತು, ಅದರ ಮೇಲೆ ಬೆರಳಾಡಿಸಿದಳು.

"ಮಿಸ್ತ್ರಿ ಹಿಂಗ ಮಾಡಂಗಿಲ್ಲ. ನೀನೇ ಮಾಡೀದಿ."

"ಹೌದವ್ವಾ, ನಾನೇ. ಮಿಸ್ತ್ರಿ ತಟ್ಟಿ ನೋಡ್ಯಾನ. ನಿನಗ ಬ್ಯಾಡಂದ್ರ ಬ್ಯಾಡ. ಸೀರಿ ಜೋಳಿಗಿ ಕಟ್ಟೂಣು."

ಅವಳ ಬೆರಳು ಆ ಮೂಲೆಯ ಮೇಲೇ ಇತ್ತು. ಅಷ್ಟರಲ್ಲಿ ಬೀಗತಿ ಹುಮನಾಬಾದಿನಿಂದ ಬಂದಿಳಿದು, ತೊಟ್ಟಿಲನ್ನು ಮಾಡಿದ್ದು ಯಾರೆಂದು ಕೇಳಿ ತಿಳಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೊಸ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಮಲಗಿಸಿ ತೂಗುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಎಲ್ಲರ ಮನೆಯಲ್ಲೂ ಅದಕ್ಕೆ ಖಾರ ಅರೆಯುವ ಸಣ್ಣ ಕಲ್ಲು ಸಾಕು. ಬೀಗತಿ, "ಅದು ಬ್ಯಾಡ, ಒರಳಿನ ಗುಂಡು ತರ್ರಿ" ಎಂದಳು. ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಹೊತ್ತು ತಂದರು. ಬೀಗತಿಯೇ ಅದನ್ನು ಮಲಗಿಸಿದಳು, ಮಲಗಿಸಿದಳು ಎನ್ನುವುದಕ್ಕಿಂತ ಬಿಟ್ಟಳು. ತೊಟ್ಟಿಲು ಒಮ್ಮೆ ಕಿರ್ ಎಂದಿತು. ಪಡಸಾಲೆಯ ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಬಾಗಿಲ ಹೊರಗೆ ನಿಂತು ಕಾಲ ಮೇಲೆ ಕಾಲು ಒತ್ತಿಕೊಂಡೆ. ಬೀಗತಿ ಜೋರಾಗಿ ತೂಗಿದಳು, ಇನ್ನೂ ಜೋರಾಗಿ ತೂಗಿದಳು. ಕಲ್ಲು ಅಲ್ಲೇ ಇತ್ತು.

"ಈ ಸಲ ಬೀಳಲಿಲ್ಲ ನೋಡ್ರಿ ಬೀಗರ" ಎಂದು ಆಕೆ ಕೂಗಿದಾಗ ನಗೆ ಎದ್ದಿತು, ನಾನೂ ನಕ್ಕೆ.

ಆದರೆ ನಾನು ಕಾದದ್ದು ಕಲ್ಲಿಗಲ್ಲ. ಹೆಂಗಸರು ಕೂಸನ್ನು ಕೈಯಿಂದ ಕೈಗೆ ದಾಟಿಸಿ ಕೊನೆಗೆ ಮಗಳ ಕೈಗೆ ಕೊಟ್ಟರು. ಅವಳು ಬಗ್ಗಿ ಕೂಸನ್ನು ಮಲಗಿಸಿದಳು. ಮಲಗಿಸಿದ ಕೈಯನ್ನು ಮೇಲೆ ತರದೆ, ತೊಟ್ಟಿಲ ಅಡಿಗೆ ಕೊಟ್ಟು ಹಿಡಿದುಕೊಂಡಳು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿದಳು, ಪದ್ಧತಿಯಂತೆ ಎಲ್ಲರೂ ಸೇರಿ ಆ ಅತ್ತೆಯ ಬೆನ್ನಿಗೆ ಗುದ್ದಿದರು, ಜೋಗುಳ ಒಂದಾಯಿತು, ಎರಡಾಯಿತು. ಮಗಳ ಕೈ ಅಡಿಯಲ್ಲೇ ಇತ್ತು, ತೊಟ್ಟಿಲು ಹೋದ ಕಡೆ ಅದೂ ಹೋಗುತ್ತಿತ್ತು. ಬೇರೆ ಯಾರೂ ಗಮನಿಸಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಎರಡೂ ಕೈ ಇಡುತ್ತಿದ್ದೆ. ಆದರೂ ನನ್ನ ಎಲೆಯ ಹೋಳಿಗೆಯನ್ನು ಪಕ್ಕದವನಿಗೆ ದಾಟಿಸಿದೆ.

ಎರಡು ದಿನ ಬಿಟ್ಟು ಕೆಲಸಕ್ಕೆ ಹೋದೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮೂರರ ಸುಮಾರಿಗೆ ಮನೆಗೆ ಬಂದರೆ, ಸೆಕೆಗೆ ಎಲ್ಲರೂ ಅಲ್ಲಲ್ಲೇ ಉರುಳಿದ್ದರು. ಪಡಸಾಲೆಯಲ್ಲಿ ಕೂಸು ತೊಟ್ಟಿಲಲ್ಲಿತ್ತು. ಹದಿನೈದು ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಮಗಳು ಕೆಳಗೆ ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ನಾನು ಗೋಡೆಗೆ ಒರಗಿ ಸದ್ದಿಲ್ಲದೆ ಕುಳಿತೆ. ಸಣ್ಣ ಗಾಳಿಗೆ ತೊಟ್ಟಿಲು ಒಮ್ಮೆ ಕಿರ್ ಎಂದಿತು. ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು. ಆಮೇಲೆ ತೊಟ್ಟಿಲಿಗೆ ಬೆನ್ನು ಮಾಡಿ ಮಗ್ಗುಲಾಗಿ, ಎರಡೂ ಕೈ ಕೆನ್ನೆಯ ಕೆಳಗಿಟ್ಟುಕೊಂಡು ಮತ್ತೆ ನಿದ್ದೆಹೋದಳು.